ಲಕ್ಷಣಪತ್ರವೂ ಆದೇಶವೂ: ಪ್ರೋಗ್ರಾಂ ಭಾಷೆಗಳ ಮಾಡ್ಯೂಲ್ ವ್ಯವಸ್ಥೆಯ ವಿಚಾರ

೧

ಒಂದು ಬೃಹತ್ಕೋಶವನ್ನು ಹಲವು ಮಂದಿ ವಿದ್ವಾಂಸರು ಕೂಡಿ ರಚಿಸುವಾಗ, ಒಬ್ಬೊಬ್ಬರೂ ತಮ್ಮ ಪಾಲಿನ ಕಾರ್ಯವನ್ನು ನಡೆಸುವುದಕ್ಕೆ ಇತರರ ಕಾರ್ಯದ ವಿಷಯದಲ್ಲಿ ಎಷ್ಟನ್ನು ತಿಳಿದಿರಬೇಕು, ಎಷ್ಟನ್ನು ತಿಳಿಯದಿದ್ದರೆ ಒಳಿತು ಎಂಬ ಪ್ರಶ್ನೆಯು ಸಹಜವಾಗಿ ಹುಟ್ಟುತ್ತದೆ. ಗಣಕಯಂತ್ರಗಳಿಗೆ ವಿಧಿಗಳನ್ನು ಬರೆಯುವ ಪ್ರೋಗ್ರಾಂ ರಚನೆಯಲ್ಲಿ ಇದೇ ಪ್ರಶ್ನೆಯು ಇನ್ನೂ ತೀವ್ರವಾಗಿ ತಲೆದೋರುವುದು. ಅಲ್ಲಿಯ ಗ್ರಂಥವು ಎಷ್ಟೋ ವೇಳೆ ಲಕ್ಷಾಂತರ ಪಂಕ್ತಿಗಳದು, ಬರೆಯುವವರು ಹಲವರು, ಓದುವ ಯಂತ್ರವಾದರೋ ಬರೆದವನ ಅಭಿಪ್ರಾಯವನ್ನು ಊಹಿಸಿಕೊಳ್ಳಲಾರದು. ಈ ಪ್ರಶ್ನೆಗೆ ಫಂಕ್ಷನಲ್ ಭಾಷೆಗಳೆಂಬ ಪಂಗಡದ ಪ್ರೋಗ್ರಾಂ ಭಾಷೆಗಳಲ್ಲಿ ದೊರೆತಿರುವ ಉತ್ತರವೂ, ಆ ಉತ್ತರಕ್ಕಿರುವ ಮಿತಿಯೂ ಈ ಲೇಖನದ ವಿಷಯ. ಆ ಮಿತಿಯು ಎಂತಹುದೆಂಬುದನ್ನು ಲಕ್ಷಣದೋಷಗಳನ್ನು ಬಲ್ಲ ಶಾಸ್ತ್ರಜ್ಞರೂ ಭಾಷಾಧ್ಯಾಪಕರೂ ಸುಲಭವಾಗಿ ಗ್ರಹಿಸಬಲ್ಲರು. ಕನ್ನಡದ ಪದಗಳನ್ನು ಯಂತ್ರಗಳಿಂದ ಎಣಿಸಿ ಜೋಡಿಸುವ ಈ ಕಾಲದಲ್ಲಿ ಅದನ್ನು ಗ್ರಹಿಸುವುದು ಅವರಿಗೆ ಅವಶ್ಯಕವೂ ಆಗಿದೆ.

ಪ್ರೋಗ್ರಾಮನ್ನು ಭಾಗಗಳಾಗಿ ಒಡೆಯುವ ಬಗೆಯನ್ನು ಕುರಿತು ೧೯೭೨ರಲ್ಲಿ ಡೇವಿಡ್ ಪಾರ್ನಾಸನು ಪ್ರಕಟಿಸಿದ ಲೇಖನವೊಂದು ಪ್ರಸಿದ್ಧವಾಗಿದೆ. ಅವನು ತೆಗೆದುಕೊಂಡ ಉದಾಹರಣೆಯು ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದುದೇ, ಎಂದರೆ ಒಂದು ಪದಸೂಚಿ. ಗ್ರಂಥಶೀರ್ಷಿಕೆಯ ಪ್ರತಿಯೊಂದು ಪದವೂ ಸರದಿಯ ಮೇಲೆ ಮೊದಲಿಗೆ ಬರುವಂತೆ ಪಂಕ್ತಿಯನ್ನು ಸುತ್ತಿಸಿ, ಹಾಗೆ ಬಂದ ಪಂಕ್ತಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸುವುದು ಆ ಸೂಚಿಯ ಕ್ರಮ. ಈ ಕೆಲಸವನ್ನು ಎರಡು ಬಗೆಯಾಗಿ ವಿಭಾಗಿಸಬಹುದೆಂದು ಅವನು ತೋರಿಸಿದನು. ಮೊದಲನೆಯದು ಕ್ರಿಯಾನುಕ್ರಮದ ವಿಭಾಗ: ಓದುವುದು, ಸುತ್ತಿಸುವುದು, ಜೋಡಿಸುವುದು, ಅಚ್ಚುಮಾಡುವುದು. ಇದರಲ್ಲಿ ಪಂಕ್ತಿಗಳು ಯಂತ್ರದ ಸ್ಮೃತಿಯಲ್ಲಿ ಹೇಗೆ ಇಡಲ್ಪಟ್ಟಿವೆಯೆಂಬುದು ಎಲ್ಲ ಭಾಗಗಳಿಗೂ ತಿಳಿದಿರಬೇಕು. ಆದಕಾರಣ ಇಡುವ ಕ್ರಮವು ಬದಲಾದರೆ ಎಲ್ಲ ಭಾಗಗಳನ್ನೂ ತಿದ್ದಬೇಕು. ಎರಡನೆಯದರಲ್ಲಿ ಪಂಕ್ತಿಗಳನ್ನು ಇಡುವ ಕೆಲಸವೇ ಒಂದು ಪ್ರತ್ಯೇಕ ಭಾಗ. ಇತರ ಭಾಗಗಳು ‘ಇಷ್ಟನೆಯ ಪಂಕ್ತಿಯ ಇಷ್ಟನೆಯ ಪದದ ಇಷ್ಟನೆಯ ಅಕ್ಷರ ಯಾವುದು’ ಎಂದು ಅದನ್ನು ಕೇಳಬಹುದೇ ಹೊರತು ಒಳಗನ್ನು ನೋಡುವಂತಿಲ್ಲ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಭಾಗದಲ್ಲಿ ಮರೆಮಾಡಿಡಬೇಕೆಂಬುದೇ ಅವನ ಸಿದ್ಧಾಂತ. ಮುಂದೆ ವಿಚಾರಿಸಲಾಗುವುದಕ್ಕೆಲ್ಲ ಇದೇ ಬೀಜ.

೨

ಹೀಗೆ ವಿಭಾಗಿಸಿದ ಒಂದೊಂದು ಭಾಗಕ್ಕೆ ಮಾಡ್ಯೂಲ್ ಎಂದು ಹೆಸರು. ಒಂದು ಮಾಡ್ಯೂಲು ಹೊರಗಿನವರಿಗೆ ಏನನ್ನು ಒದಗಿಸುತ್ತದೆಂಬುದನ್ನು ಮಾತ್ರ ಹೇಳಿ, ಹೇಗೆ ಒದಗಿಸುತ್ತದೆಂಬುದನ್ನು ಹೇಳದೆ ಬಿಡುವ ಬರಹಕ್ಕೆ ಸಿಗ್ನೇಚರ್ ಎಂಬ ಸಂಜ್ಞೆಯುಂಟು. ಲೋಕದಲ್ಲಿ ಈ ಶಬ್ದಕ್ಕೆ ಸಹಿ ಎಂಬ ಅರ್ಥವು ರೂಢವಾಗಿದ್ದರೂ ಇಲ್ಲಿ ಅದು ವಸ್ತುವನ್ನು ಗುರುತಿಸುವ ಲಕ್ಷಣವೆಂಬ ಅರ್ಥದಲ್ಲಿ ಪ್ರಯುಕ್ತವಾಗಿದೆ. ಆದುದರಿಂದ ಇದನ್ನು ಲಕ್ಷಣಪತ್ರವೆಂದು ಕರೆದರೆ ಅರ್ಥವು ವಿಶದವಾಗುವುದು. ಆ ಲಕ್ಷಣಕ್ಕೆ ಒಳಪಟ್ಟು, ಹೇಳಿದುದನ್ನು ನಿಜವಾಗಿ ನಡೆಯಿಸಿಕೊಡುವ ಬರಹವು ಅನುಷ್ಠಾನ. ಅದೇ ಈ ಲಕ್ಷಣದ ಲಕ್ಷ್ಯ. ಒಂದು ಲಕ್ಷಣಕ್ಕೆ ಹಲವು ಲಕ್ಷ್ಯಗಳು ಇರುವಂತೆ ಒಂದು ಲಕ್ಷಣಪತ್ರಕ್ಕೆ ಹಲವು ಅನುಷ್ಠಾನಗಳು ಇರಬಹುದು; ಒಂದನ್ನು ತೆಗೆದು ಇನ್ನೊಂದನ್ನು ಅದರ ಸ್ಥಾನದಲ್ಲಿ ಇಡಲೂಬಹುದು. ಇನ್ನು ಟೈಪ್ ಎಂಬುದು ವಸ್ತುವಿನ ಜಾತಿ. ಪೂರ್ಣಾಂಕ, ಪದ, ಪದಗಳ ಪಟ್ಟಿ ಇತ್ಯಾದಿಗಳು ಟೈಪುಗಳು. ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರು, ಪೂರ್ಣಾಂಕವು ಬೇಕಾದಲ್ಲಿ ಪದವು ಬಂದಿದ್ದರೆ ಅದನ್ನು ಮೊದಲೇ ಕಂಡುಹಿಡಿದು ತಡೆಯುತ್ತದೆ.

ಟೈಪನ್ನೇ ಮರೆಮಾಡಿಡುವ ಉಪಾಯದ ಮಹತ್ತ್ವವು ಎಮ್ಎಲ್ ಎಂಬ ಭಾಷೆಯ ಹುಟ್ಟಿನಲ್ಲಿಯೇ ತೋರಿಬರುತ್ತದೆ. ರಾಬಿನ್ ಮಿಲ್ನರನೂ ಅವನ ಸಹೋದ್ಯೋಗಿಗಳೂ ೧೯೭೦ರ ದಶಕದಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಎಲ್‌ಸಿಎಫ್ ಎಂಬ, ತಾರ್ಕಿಕ ಪ್ರಮೇಯಗಳನ್ನು ಸಾಧಿಸಲು ನೆರವಾಗುವ ಯಂತ್ರಸಾಧನವನ್ನು ರಚಿಸಿದರು. ಅದನ್ನು ನಡೆಯಿಸುವುದಕ್ಕಾಗಿ ಹುಟ್ಟಿದ ಭಾಷೆಯೇ ಎಮ್ಎಲ್. ಅದರಲ್ಲಿ ‘ಸಿದ್ಧಪ್ರಮೇಯ’ವೆಂಬುದೇ ಒಂದು ಟೈಪು. ಅದರ ಒಳರಚನೆಯು ಹೊರಗಿನವರಿಗೆ ಕಾಣದು. ಆ ಟೈಪಿನ ವಸ್ತುವನ್ನು ಉಂಟುಮಾಡಲು ಮೂಲತತ್ತ್ವಗಳೂ ಅನುಮಾನನಿಯಮಗಳೂ ಹೊರತು ಬೇರೆ ಮಾರ್ಗವೇ ಇಲ್ಲ. ಬಳಸುವವನು ಎಷ್ಟೇ ಅಡ್ಡದಾರಿಯಲ್ಲಿ ತನ್ನ ಪ್ರೋಗ್ರಾಮನ್ನು ಬರೆದರೂ ಸಾಧಿಸದ ವಾಕ್ಯವನ್ನು ಸಿದ್ಧಪ್ರಮೇಯವೆಂದು ಮುಂದೊಡ್ಡಲಾರನು. ಮರೆಮಾಡುವುದು ಇಲ್ಲಿ ಸೌಕರ್ಯಕ್ಕಾಗಿ ಮಾತ್ರವಲ್ಲದೆ ಸತ್ಯದ ರಕ್ಷಣೆಗೂ ಸಾಧನವಾಗಿದೆ.

೩

ಮಾಡ್ಯೂಲು, ಲಕ್ಷಣಪತ್ರ ಎಂಬಿವನ್ನು ಭಾಷೆಯ ಅಂಗಗಳನ್ನಾಗಿಯೇ ಮಾಡಿ, ಇವುಗಳ ಜೊತೆಗೆ ಫಂಕ್ಟರ್ ಎಂಬ ಮೂರನೆಯದನ್ನೂ ಸೇರಿಸಿ ಡೇವಿಡ್ ಮ್ಯಾಕ್ವೀನನು ೧೯೮೪ರಲ್ಲಿ ಸ್ಟ್ಯಾಂಡರ್ಡ್ ಎಮ್ಎಲ್ ಭಾಷೆಗಾಗಿ ಒಂದು ವ್ಯವಸ್ಥೆಯನ್ನು ಪ್ರತಿಪಾದಿಸಿದನು. ಆ ಭಾಷೆಯ ಪ್ರಮಾಣಗ್ರಂಥವು ೧೯೯೦ರಲ್ಲಿಯೂ ಅದರ ಪರಿಷ್ಕೃತರೂಪವು ೧೯೯೭ರಲ್ಲಿಯೂ ಹೊರಬಂದವು. ಫಂಕ್ಟರ್ ಎಂಬುದು ಒಂದು ಮಾಡ್ಯೂಲನ್ನು ತೆಗೆದುಕೊಂಡು ಇನ್ನೊಂದು ಮಾಡ್ಯೂಲನ್ನು ಕೊಡುವ ವಿಧಿ. ‘ಇಂತಹ ಲಕ್ಷಣವುಳ್ಳ ಯಾವ ಮಾಡ್ಯೂಲನ್ನಾದರೂ ತಂದುಕೊಡಿರಿ, ಅದರಿಂದ ಇಂತಹ ಮಾಡ್ಯೂಲನ್ನು ಮಾಡಿಕೊಡುವೆನು’ ಎಂಬುದು ಅದರ ಪ್ರತಿಜ್ಞೆ.

ಫ್ರಾನ್ಸ್ ದೇಶದ ಇನ್ರಿಯಾ ಸಂಸ್ಥೆಯಲ್ಲಿ ಬೆಳೆದ ಓಕ್ಯಾಮಲ್ ಭಾಷೆಯಿಂದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದೇ ವಸ್ತುವು ಎರಡು ಸಲ ಬಾರದಂತೆ ವಸ್ತುಗಳನ್ನು ಕೂಡಿಡುವ ಗಣವನ್ನು ರಚಿಸುವ ಫಂಕ್ಟರೊಂದು ಆ ಭಾಷೆಯ ಮೂಲಭಂಡಾರದಲ್ಲಿದೆ. ಅದು ತನಗೆ ಬೇಕಾದ ಮಾಡ್ಯೂಲಿನಿಂದ ನಿರೀಕ್ಷಿಸುವ ಲಕ್ಷಣಪತ್ರದ ಸಾರವು ಇಷ್ಟೆ:

ಲಕ್ಷಣಪತ್ರ: ಕ್ರಮವುಳ್ಳ ವಸ್ತು
ಟೈಪ್: ವಸ್ತು
ಹೋಲಿಕೆ: ವಸ್ತು → ವಸ್ತು → ಪೂರ್ಣಾಂಕ

ಹೋಲಿಕೆಯೆಂಬ ಫಂಕ್ಷನ್ನು ಎರಡು ವಸ್ತುಗಳನ್ನು ತೆಗೆದುಕೊಂಡು, ಅವು ಸಮವಾದರೆ ಸೊನ್ನೆಯನ್ನೂ, ಮೊದಲನೆಯದು ಕಿರಿದಾದರೆ ಋಣಸಂಖ್ಯೆಯನ್ನೂ, ಹಿರಿದಾದರೆ ಧನಸಂಖ್ಯೆಯನ್ನೂ ಕೊಡಬೇಕು. ವಸ್ತುವು ಸಂಖ್ಯೆಯೋ ಪದವೋ ದಿನಾಂಕವೋ ಫಂಕ್ಟರಿಗೆ ಗೊತ್ತಿಲ್ಲ, ಗೊತ್ತಿರಬೇಕಾದುದೂ ಇಲ್ಲ. ಅದು ವಸ್ತುಗಳನ್ನು ಕವಲೊಡೆಯುವ ಮರದ ಆಕಾರದಲ್ಲಿ ಜೋಡಿಸಿ, ಕಿರಿದಾದುದನ್ನು ಎಡಗೊಂಬೆಗೂ ಹಿರಿದಾದುದನ್ನು ಬಲಗೊಂಬೆಗೂ ಕಳುಹಿಸುತ್ತದೆ. ಹುಡುಕುವಾಗಲೂ ಅದೇ ದಾರಿಯನ್ನು ಹಿಡಿಯುತ್ತದೆ.

ಈ ವ್ಯವಸ್ಥೆಯು ಕನ್ನಡದ ಪದಸೂಚಿಗೆ ಹೇಗೆ ಉಪಯುಕ್ತವೆಂಬುದನ್ನು ನೋಡಬಹುದು. ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯುಂಟು. ಅದರಲ್ಲಿ ಭಾರತೀಯ ಲಿಪಿಗಳ ಸಮಾನಾಕ್ಷರಗಳಿಗೆ ಸಮಾನಸ್ಥಾನಗಳು ಕೊಡಲ್ಪಟ್ಟಿರುವುದರಿಂದ, ಕನ್ನಡದ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮೊದಲೇ ಬಂದಿದೆ. ಕನ್ನಡ ವರ್ಣಮಾಲೆಯಲ್ಲಾದರೋ ಳಕಾರವು ಹಕಾರದ ಅನಂತರ ಬರತಕ್ಕದ್ದು. ಸಂಖ್ಯೆಯನ್ನೇ ನೋಡಿ ಹೋಲಿಸಿದರೆ ‘ಅಳತೆ’ಯು ‘ಅವನು’ ಎಂಬುದಕ್ಕೆ ಮುಂಚೆ ಬರುವುದು. ನಿಘಂಟಿನ ಕ್ರಮದಲ್ಲಿ ‘ಅವನು’ ಮೊದಲು, ‘ಅಳತೆ’ ಆಮೇಲೆ. ಹೀಗಿರಲು ಪದಸೂಚಿಯ ಪ್ರೋಗ್ರಾಮನ್ನೆಲ್ಲ ತಿದ್ದಬೇಕಾದುದಿಲ್ಲ. ಸಂಖ್ಯಾಕ್ರಮದ ಮಾಡ್ಯೂಲನ್ನು ತೆಗೆದು ವರ್ಣಮಾಲಾಕ್ರಮದ ಮಾಡ್ಯೂಲನ್ನು ಫಂಕ್ಟರಿಗೆ ಕೊಟ್ಟರೆ ಸಾಕು. ಎರಡೂ ಮೇಲಿನ ಲಕ್ಷಣಪತ್ರಕ್ಕೆ ಒಳಪಟ್ಟಿವೆ.

ಇಲ್ಲಿ ಒಂದು ಶಂಕೆ. ಎರಡು ಕ್ರಮಗಳಿಂದಲೂ ಗಣಗಳನ್ನು ರಚಿಸಿದ ಮೇಲೆ ಒಂದರ ಗಣವನ್ನು ಇನ್ನೊಂದರ ವಿಧಿಗೆ ಒಪ್ಪಿಸಿದರೆ ಏನಾಗುವುದು? ವರ್ಣಮಾಲಾಕ್ರಮದ ಮರದಲ್ಲಿ ‘ಅವನು’ ಎಂಬುದರ ಬಲಗೊಂಬೆಯಲ್ಲಿ ‘ಅಳತೆ’ಯಿರುವುದು. ಸಂಖ್ಯಾಕ್ರಮದಿಂದ ಹುಡುಕುವವನು ಅದನ್ನು ಎಡಗೊಂಬೆಯಲ್ಲಿ ಅರಸಿ, ಇಲ್ಲವೆಂದು ಹಿಂದಿರುಗುವನು. ಪದವು ಇದ್ದೂ ಇಲ್ಲದಂತಾಗುವುದು. ಯಂತ್ರವು ಯಾವ ದೋಷವನ್ನೂ ಸೂಚಿಸದು. ಇದಕ್ಕೆ ಸಮಾಧಾನವು ಟೈಪುಗಳಲ್ಲಿಯೇ ಇದೆ. ಫಂಕ್ಟರು ಕೊಡುವ ಗಣದ ಟೈಪು ಮರೆಮಾಡಲ್ಪಟ್ಟಿರುವುದರಿಂದ, ಬೇರೆ ಬೇರೆ ಮಾಡ್ಯೂಲುಗಳಿಂದ ಹುಟ್ಟಿದ ಗಣಗಳು ಬೇರೆ ಬೇರೆ ಟೈಪಿನವೆಂದೇ ಕಂಪೈಲರು ಎಣಿಸಿ, ಬೆರಸುವುದನ್ನು ನಿಷೇಧಿಸುತ್ತದೆ. ಒಂದೇ ಮಾಡ್ಯೂಲನ್ನು ಎರಡು ಸಲ ಕೊಟ್ಟರೆ ಏನೆಂಬುದರಲ್ಲಿ ಮಾತ್ರ ಮತಭೇದವುಂಟು. ಸ್ಟ್ಯಾಂಡರ್ಡ್ ಎಮ್ಎಲ್ ಭಾಷೆಯಲ್ಲಿ ಪ್ರತಿಸಲವೂ ಹೊಸ ಟೈಪು ಹುಟ್ಟುವುದು. ಓಕ್ಯಾಮಲ್ ಭಾಷೆಯಲ್ಲಿ, ಕ್ಸೇವಿಯೆ ಲೆರ್ವಾ ೧೯೯೫ರಲ್ಲಿ ಪ್ರತಿಪಾದಿಸಿದ ರೀತಿಯಂತೆ, ಒಂದೇ ಫಂಕ್ಟರಿಗೆ ಒಂದೇ ಮಾಡ್ಯೂಲನ್ನು ಕೊಟ್ಟಾಗ ಹುಟ್ಟುವ ಟೈಪುಗಳು ಒಂದೇ ಎಂದು ಪರಿಗಣಿಸಲ್ಪಡುತ್ತವೆ.

೪

ಮೇಲಿನದು ಒಂದು ಗ್ರಂಥದೊಳಗಿನ ವಿಚಾರ. ಒಬ್ಬರು ಬರೆದು ಲೋಕಕ್ಕೆ ಒಪ್ಪಿಸಿದ ಪ್ರೋಗ್ರಾಂ ಭಾಗಗಳ ಕಟ್ಟಿಗೆ ಪ್ಯಾಕೇಜ್ ಎಂದು ಹೆಸರು. ಬೇರೆ ಬೇರೆಯವರ ಪ್ಯಾಕೇಜುಗಳ ನಡುವೆಯೂ ಇಂತಹ ಆದೇಶಕ್ಕೆ ಅವಕಾಶವಿರಬೇಕೆಂಬ ಅಪೇಕ್ಷೆಯು ಹ್ಯಾಸ್ಕೆಲ್ ಭಾಷೆಯಲ್ಲಿ ತೀವ್ರವಾಗಿ ಕಂಡುಬಂದಿತು. ಅಲ್ಲಿ ಅಕ್ಷರಮಾಲೆಯನ್ನು ಇಡುವುದಕ್ಕೆ ಮೂರು ಪ್ರಸಿದ್ಧ ಬಗೆಗಳಿವೆ: ಸ್ಟ್ರಿಂಗ್ ಎಂಬುದು ಚಿಹ್ನೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ, ಟೆಕ್ಸ್ಟ್ ಎಂಬುದು ಯೂನಿಕೋಡ್ ಚಿಹ್ನೆಗಳ ಒತ್ತಾದ ಸಾಲು, ಬೈಟ್‌ಸ್ಟ್ರಿಂಗ್ ಎಂಬುದು ಬೈಟುಗಳೆಂಬ ಯಂತ್ರಮಾನಗಳ ಬರಿಯ ಸಾಲು. ಪದವಿನ್ಯಾಸಗಳನ್ನು ಹುಡುಕುವ ಪ್ಯಾಕೇಜೊಂದನ್ನು ಬರೆಯುವವನು ಮೂರರಲ್ಲಿ ಒಂದನ್ನು ಆರಿಸಿಕೊಂಡರೆ ಉಳಿದೆರಡನ್ನು ಬಳಸುವವರಿಗೆ ಅದು ನೇರವಾಗಿ ಒದಗದು. ಮೂರಕ್ಕೂ ಪ್ರತ್ಯೇಕವಾಗಿ ಬರೆದರೆ ಒಂದೇ ಗ್ರಂಥವು ಮೂರು ಪ್ರತಿಗಳಾಗಿ, ತಿದ್ದುಪಡಿಗಳು ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದೆ ಪಾಠಾಂತರಗಳು ಹುಟ್ಟುವುವು.

ಈ ತೊಂದರೆಗೆ ಪರಿಹಾರವಾಗಿ ಸ್ಕಾಟ್ ಕಿಲ್‌ಪ್ಯಾಟ್ರಿಕ್, ಡೆರೆಕ್ ಡ್ರೇಯರ್, ಸೈಮನ್ ಪೇಟನ್ ಜೋನ್ಸ್, ಸೈಮನ್ ಮಾರ್ಲೋ ಎಂಬ ನಾಲ್ವರು ೨೦೧೪ರಲ್ಲಿ ಬ್ಯಾಕ್‌ಪ್ಯಾಕ್ ಎಂಬ ವ್ಯವಸ್ಥೆಯನ್ನು ಪ್ರತಿಪಾದಿಸಿದರು. ಎಡ್ವರ್ಡ್ ಯಾಂಗನು ಅದನ್ನು ಬಳಕೆಗೆ ತಕ್ಕಂತೆ ಪುನಾರಚಿಸಿದನು. ೨೦೧೭ರಲ್ಲಿ ಜಿಎಚ್‌ಸಿ ಎಂಬ ಹ್ಯಾಸ್ಕೆಲ್ ಕಂಪೈಲರಿನ ೮.೨ನೆಯ ಆವೃತ್ತಿಯಲ್ಲಿ ಅದು ಸೇರಿತು. ಇದರ ರೀತಿಯೆಂತೆಂದರೆ: ಪ್ಯಾಕೇಜನ್ನು ಬರೆಯುವವನು ತನಗೆ ಬೇಕಾದ ಅಕ್ಷರಮಾಲೆಯ ಮಾಡ್ಯೂಲನ್ನು ಹೆಸರಿಸಿ, ಅದರ ಲಕ್ಷಣಪತ್ರವನ್ನು ಮಾತ್ರ ಬರೆದಿಡುತ್ತಾನೆ. ಅನುಷ್ಠಾನದ ಸ್ಥಾನವು ತೆರವಾಗಿಯೇ ಇರುತ್ತದೆ. ಹಾಗಿದ್ದರೂ ಉಳಿದ ಬರಹವೆಲ್ಲವೂ ಲಕ್ಷಣಪತ್ರಕ್ಕೆ ಹೊಂದಿದೆಯೇ ಎಂದು ಕಂಪೈಲರು ಆಗಲೇ ಪರೀಕ್ಷಿಸುತ್ತದೆ. ಆಮೇಲೆ ಅದನ್ನು ಉಪಯೋಗಿಸುವವನು ತೆರವಾದ ಸ್ಥಾನದಲ್ಲಿ ತನಗಿಷ್ಟವಾದ ಅನುಷ್ಠಾನವನ್ನು ಇಟ್ಟಾಗ, ಅದು ಲಕ್ಷಣಪತ್ರವನ್ನು ತೃಪ್ತಿಪಡಿಸುವುದೇ ಎಂಬ ಎರಡನೆಯ ಪರೀಕ್ಷೆಯು ನಡೆದು, ಯಂತ್ರಭಾಷೆಯ ರೂಪವು ಸಿದ್ಧವಾಗುತ್ತದೆ. ಎಮ್ಎಲ್ ಪಂಗಡದಲ್ಲಿ ಫಂಕ್ಟರಿಗೆ ಮಾಡ್ಯೂಲನ್ನು ಪ್ರೋಗ್ರಾಮಿನೊಳಗೇ ಬರೆದು ಕೊಡಬೇಕು. ಇಲ್ಲಿ ಪ್ಯಾಕೇಜುಗಳನ್ನು ಜೋಡಿಸುವಾಗ ಹೆಸರಿಗೆ ಹೆಸರು ಕೂಡಿ ಸ್ಥಾನವು ತುಂಬುವುದು. ಇದೇ ಎರಡಕ್ಕೂ ಇರುವ ಮುಖ್ಯಭೇದ.

ಅನುಷ್ಠಾನವನ್ನು ಬದಲಿಸುವುದರಿಂದ ಆಗುವ ಪ್ರಯೋಜನವು ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಓಕ್ಯಾಮಲ್ ಭಾಷೆಯ ಮಿರಾಜ್‌ಓಎಸ್ ನಿದರ್ಶನವಾಗಿದೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಇದರ ಮೊದಲನೆಯ ಪೂರ್ಣಾವೃತ್ತಿಯು ೨೦೧೩ರಲ್ಲಿ ಹೊರಬಂದಿತು. ಇದರಲ್ಲಿ ಜಾಲಸಂಪರ್ಕ, ಗಡಿಯಾರ, ಸಂಗ್ರಹ ಮೊದಲಾದುವೆಲ್ಲ ಲಕ್ಷಣಪತ್ರಗಳ ಮೂಲಕವೇ ಪ್ರೋಗ್ರಾಮಿಗೆ ಒದಗುತ್ತವೆ. ಬರೆಯುವ ಕಾಲದಲ್ಲಿ ಯುನಿಕ್ಸ್ ವ್ಯವಸ್ಥೆಯು ಕೊಡುವ ಜಾಲಸಂಪರ್ಕವನ್ನು ಆ ಸ್ಥಾನದಲ್ಲಿ ಇಟ್ಟು ಪರೀಕ್ಷಿಸಬಹುದು. ಅನಂತರ ಓಕ್ಯಾಮಲ್ ಭಾಷೆಯಲ್ಲಿಯೇ ಬರೆದ ಜಾಲಸಂಪರ್ಕದ ಮಾಡ್ಯೂಲುಗಳನ್ನು ಇಟ್ಟರೆ, ಅದೇ ಪ್ರೋಗ್ರಾಮು ಸಾಮಾನ್ಯವಾದ ಕಾರ್ಯಾಚರಣ ವ್ಯವಸ್ಥೆಯ ಆಶ್ರಯವಿಲ್ಲದೆಯೇ ನಡೆಯಬಲ್ಲ ಸ್ವತಂತ್ರ ರೂಪವನ್ನು ಪಡೆಯುತ್ತದೆ.

೫

ಒಂದರ ಸ್ಥಾನದಲ್ಲಿ ಇನ್ನೊಂದು ಬಂದಾಗ ಮೊದಲನೆಯದಕ್ಕೆ ಸಲ್ಲುವ ಕಾರ್ಯಗಳು ಎರಡನೆಯದಕ್ಕೂ ಸಲ್ಲುವುವೇ ಎಂಬ ಪ್ರಶ್ನೆಯು ಸಂಸ್ಕೃತ ವ್ಯಾಕರಣದಲ್ಲಿ ಬಹುಪ್ರಾಚೀನವಾದುದು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿಯೇ ಇದಕ್ಕೆ ವಿಧಿಯನ್ನು ಹೇಳಿದ್ದಾನೆ. ಆದೇಶವು ಸ್ಥಾನಿಯಂತೆಯೇ ಎಣಿಸಲ್ಪಡುವುದು, ಆದರೆ ವರ್ಣವನ್ನೇ ಆಶ್ರಯಿಸಿದ ಕಾರ್ಯದಲ್ಲಿ ಹಾಗಲ್ಲ, ಎಂಬುದು ಅದರ ತಾತ್ಪರ್ಯ. ‘ಬ್ರೂ’ ಧಾತುವಿನ ಸ್ಥಾನದಲ್ಲಿ ‘ವಚ್’ ಬಂದಾಗ ಅದೂ ಧಾತುವೆಂದೇ ಗಣಿತವಾಗಿ, ಧಾತುವಿಗೆ ವಿಹಿತವಾದ ಪ್ರತ್ಯಯಗಳನ್ನು ಪಡೆದು ‘ವಕ್ತಾ’, ‘ವಕ್ತುಂ’ ಎಂಬ ರೂಪಗಳು ಸಿದ್ಧಿಸುತ್ತವೆ. ಆದರೆ ‘ದಿವ್’ ಶಬ್ದದ ವಕಾರಕ್ಕೆ ಔಕಾರವು ಆದೇಶವಾದಾಗ ಆ ಔಕಾರವನ್ನು ವ್ಯಂಜನವೆಂದು ಭಾವಿಸಿ, ವ್ಯಂಜನದ ಮುಂದೆ ಆಗುವ ಪ್ರತ್ಯಯಲೋಪವನ್ನು ಮಾಡುವಂತಿಲ್ಲ. ಆದುದರಿಂದಲೇ ‘ದ್ಯೌಃ’ ಎಂಬಲ್ಲಿ ವಿಸರ್ಗವು ಉಳಿದಿದೆ.

ವ್ಯಾಕರಣಕ್ಕೂ ಯಂತ್ರವಿದ್ಯೆಗೂ ಇಲ್ಲಿ ಜನ್ಯಜನಕಸಂಬಂಧವನ್ನು ಹೇಳುವ ಉದ್ದೇಶವಿಲ್ಲ. ಎರಡು ಕಡೆಗಳಲ್ಲಿಯೂ ಸಮಸ್ಯೆಯು ಸಮಾನವಾದುದರಿಂದ ಪರಿಹಾರದ ಆಕಾರವೂ ಸಮಾನವಾಗಿದೆಯೆಂದಷ್ಟೇ ತಾತ್ಪರ್ಯ. ಲಕ್ಷಣಪತ್ರವನ್ನು ಮಾತ್ರ ಆಶ್ರಯಿಸಿದ ಕಾರ್ಯಗಳು ಅನುಷ್ಠಾನವು ಬದಲಾದರೂ ಕೆಡುವುದಿಲ್ಲ. ಒಳಗಿನ ರೂಪವನ್ನು ಆಶ್ರಯಿಸಿದುವು ಕೆಡುತ್ತವೆ. ಮೇಲೆ ಹೇಳಿದ ಟೆಕ್ಸ್ಟ್ ಪ್ಯಾಕೇಜು ೨೦೨೧ರಲ್ಲಿ ಹೊರಬಂದ ತನ್ನ ೨.೦ನೆಯ ಆವೃತ್ತಿಯಲ್ಲಿ ಒಳಗಿನ ಸಂಕೇತಪದ್ಧತಿಯನ್ನು ಯುಟಿಎಫ್-೧೬ ಎಂಬುದರಿಂದ ಯುಟಿಎಫ್-೮ ಎಂಬುದಕ್ಕೆ ಬದಲಿಸಿತು. ಕನ್ನಡದ ಒಂದು ಚಿಹ್ನೆಯು ಹಿಂದೆ ಎರಡು ಬೈಟುಗಳನ್ನು ಆಕ್ರಮಿಸುತ್ತಿದ್ದುದು ಆ ಮೇಲೆ ಮೂರನ್ನು ಆಕ್ರಮಿಸತೊಡಗಿತು. ಹೊರಗಿನ ಫಂಕ್ಷನುಗಳನ್ನು ಮಾತ್ರ ಬಳಸಿದ್ದ ಪ್ರೋಗ್ರಾಮುಗಳಿಗೆ ಇದರಿಂದ ಅರ್ಥಭೇದವೇನೂ ಆಗಲಿಲ್ಲ. ಒಳಗಿನ ಸಾಲನ್ನು ನೇರವಾಗಿ ಮುಟ್ಟುತ್ತಿದ್ದುವನ್ನು ಮಾತ್ರ ತಿದ್ದಬೇಕಾಯಿತು.

೬

ಹಾಗಾದರೆ ಲಕ್ಷಣಪತ್ರಕ್ಕೆ ಒಳಪಟ್ಟುದೆಲ್ಲವೂ ನಿರ್ದೋಷವೋ ಎಂದರೆ, ಅಲ್ಲ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. ಗೋವಿಗೆ ಕಪಿಲವರ್ಣವು ಲಕ್ಷಣವೆಂದರೆ ಬಿಳಿಯ ಗೋವು ಬಿಟ್ಟುಹೋಗುವುದು. ಕೊಂಬುಳ್ಳದ್ದು ಗೋವೆಂದರೆ ಎಮ್ಮೆಯೂ ಸೇರುವುದು. ಒಂದೇ ಗೊರಸುಳ್ಳದ್ದೆಂದರೆ ಯಾವ ಗೋವೂ ಸಿಕ್ಕದು. ಲಕ್ಷಣಪತ್ರಗಳಲ್ಲಿಯೂ ಈ ಮೂರು ದೋಷಗಳು ಹಾಗೆಯೇ ಕಂಡುಬರುತ್ತವೆ.

ಬರೆಯುವವನು ತನ್ನ ಕೆಲಸಕ್ಕೆ ಬೇಕಿಲ್ಲದ ಫಂಕ್ಷನುಗಳನ್ನೂ ಲಕ್ಷಣಪತ್ರದಲ್ಲಿ ಸೇರಿಸಿದರೆ, ಯೋಗ್ಯವಾದ ಅನುಷ್ಠಾನವೂ ಅವು ಇಲ್ಲವೆಂಬ ಕಾರಣದಿಂದ ತಿರಸ್ಕೃತವಾಗುವುದು; ಇದು ಅವ್ಯಾಪ್ತಿ. ಬ್ಯಾಕ್‌ಪ್ಯಾಕ್ ವ್ಯವಸ್ಥೆಯಲ್ಲಿ ಎರಡು ಪ್ಯಾಕೇಜುಗಳು ಒಂದೇ ಹೆಸರಿನ ಮಾಡ್ಯೂಲನ್ನು ಅಪೇಕ್ಷಿಸಿದಾಗ ಅವೆರಡರ ಲಕ್ಷಣಪತ್ರಗಳು ಕೂಡಿ ಒಂದಾಗುವುವು. ಒಂದೇ ಫಂಕ್ಷನಿಗೆ ಒಂದು ಪೂರ್ಣಾಂಕವನ್ನೂ ಇನ್ನೊಂದು ಪದವನ್ನೂ ಫಲವಾಗಿ ವಿಧಿಸಿದ್ದರೆ ಎರಡನ್ನೂ ತೃಪ್ತಿಪಡಿಸುವ ಅನುಷ್ಠಾನವೇ ಇರದು, ಇದು ಅಸಂಭವ. ಈ ಎರಡು ದೋಷಗಳೂ ತಾವಾಗಿಯೇ ಬಯಲಾಗುತ್ತವೆ. ಕಂಪೈಲರು ಅವನ್ನು ಹಿಡಿದು ನಿಲ್ಲಿಸುತ್ತದೆ. ಆದಕಾರಣ ಅವು ಅಪಾಯಕರವಲ್ಲ.

ಅಪಾಯವಿರುವುದು ಅತಿವ್ಯಾಪ್ತಿಯಲ್ಲಿ. ಹೋಲಿಕೆಯ ಲಕ್ಷಣಪತ್ರವನ್ನೇ ಮತ್ತೆ ನೋಡಬೇಕು. ಎರಡು ವಸ್ತುಗಳನ್ನು ತೆಗೆದುಕೊಂಡು ಪೂರ್ಣಾಂಕವನ್ನು ಕೊಡುವುದೆಂದಷ್ಟೇ ಅದು ಹೇಳಿದೆ. ಏನನ್ನು ಕೊಟ್ಟರೂ ಸೊನ್ನೆಯನ್ನೇ ಹಿಂದಿರುಗಿಸುವ ಫಂಕ್ಷನ್ನೂ ಈ ಲಕ್ಷಣಕ್ಕೆ ಒಳಪಡುವುದು. ಅದರಿಂದ ರಚಿತವಾದ ಗಣದಲ್ಲಿ, ಎಲ್ಲ ಪದಗಳೂ ಸಮವೆಂದೆಣಿಸಲ್ಪಟ್ಟು, ಮೊದಲು ಸೇರಿದ ಒಂದು ಪದವಲ್ಲದೆ ಬೇರೊಂದು ನಿಲ್ಲದು. ಯಾವಾಗಲೂ ಒಂದನ್ನೇ ಹಿಂದಿರುಗಿಸುವ ಫಂಕ್ಷನ್ನೂ ಒಳಪಡುವುದು. ಅಲ್ಲಿ ಸೇರಿಸಿದ ಯಾವ ಪದವೂ ಹುಡುಕಿದಾಗ ಸಿಕ್ಕದು. ‘ಅ’ವು ‘ಆ’ಕ್ಕಿಂತ ಕಿರಿದು, ‘ಆ’ವು ‘ಇ’ಗಿಂತ ಕಿರಿದು ಎಂದರೆ ‘ಅ’ವು ‘ಇ’ಗಿಂತ ಕಿರಿದಾಗಿರಲೇಬೇಕು ಎಂಬಂತಹ ನಿಯಮಗಳೇ ಕ್ರಮದ ಜೀವ. ಅವು ಗ್ರಂಥದ ವಿವರಣೆಯಲ್ಲಿ ಮಾತಿನಿಂದ ಹೇಳಲ್ಪಟ್ಟಿವೆಯೇ ಹೊರತು ಲಕ್ಷಣಪತ್ರದಲ್ಲಿ ಸೇರಿಲ್ಲ. ಕೊಂಬನ್ನು ಕಂಡು ಒಳಗೆ ಬಿಡುವ ಕಾವಲುಗಾರನು ಎಮ್ಮೆಯನ್ನು ತಡೆಯಲಾರನು.

ಸಾಹಿತ್ಯಾಧ್ಯಾಪಕರಿಗೆ ಇನ್ನೂ ಹತ್ತಿರವಾದ ಉದಾಹರಣೆಯು ಅಕ್ಷರಮಾಲೆಯದು. ‘ಪ್ರಮಾಣ: ಮಾಲೆ → ಪೂರ್ಣಾಂಕ’ ಎಂದು, ಎಂದರೆ ಮಾಲೆಯ ಉದ್ದವನ್ನು ಹೇಳುವ ಫಂಕ್ಷನು ಇರಬೇಕೆಂದು, ಲಕ್ಷಣಪತ್ರದಲ್ಲಿ ಬರೆದಿದೆಯೆಂದು ಇಟ್ಟುಕೊಳ್ಳಬಹುದು. ‘ಕನ್ನಡ’ ಎಂಬ ಪದವನ್ನು ಒಪ್ಪಿಸಿದಾಗ ಟೆಕ್ಸ್ಟ್ ಅನುಷ್ಠಾನವು ಐದು ಎನ್ನುವುದು. ಏಕೆಂದರೆ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೊಂದು ನ, ಡ ಎಂದು ಯೂನಿಕೋಡಿನಲ್ಲಿ ಐದು ಸಂಕೇತಗಳಿವೆ. ಯುಟಿಎಫ್-೮ ಪದ್ಧತಿಯಿಂದ ಬರೆದ ಅದೇ ಪದವನ್ನು ಬೈಟ್‌ಸ್ಟ್ರಿಂಗ್ ಅನುಷ್ಠಾನಕ್ಕೆ ಒಪ್ಪಿಸಿದರೆ, ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಂತೆ ಹದಿನೈದು ಎನ್ನುವುದು. ಛಂದಸ್ಸನ್ನು ಬಲ್ಲವನು ಎಣಿಸಿದರೆ ಕ, ನ್ನ, ಡ ಎಂದು ಅಕ್ಷರಗಳು ಮೂರೇ. ಮೂರು, ಐದು, ಹದಿನೈದು ಎಂಬ ಮೂರು ಉತ್ತರಗಳೂ ಪೂರ್ಣಾಂಕಗಳೇ; ಮೂರೂ ಲಕ್ಷಣಪತ್ರಕ್ಕೆ ಸಮ್ಮತವಾದುವೇ. ಪದ್ಯದ ಪಾದದಲ್ಲಿ ಅಕ್ಷರಸಂಖ್ಯೆಯನ್ನು ಪರೀಕ್ಷಿಸುವ ಪ್ರೋಗ್ರಾಮೊಂದು ಈ ಲಕ್ಷಣಪತ್ರವನ್ನು ನಂಬಿ ರಚಿತವಾಗಿದ್ದರೆ, ಕಂಪೈಲರು ಒಪ್ಪಿದ ಮೇಲೆಯೂ ಅದು ಸರಿಯಾದ ಪದ್ಯವನ್ನು ಛಂದೋಭಂಗವೆಂದು ಸಾರಬಹುದು. ತಪ್ಪು ಟೆಕ್ಸ್ಟಿನದೂ ಅಲ್ಲ, ಬೈಟ್‌ಸ್ಟ್ರಿಂಗಿನದೂ ಅಲ್ಲ. ಯಾವುದರ ಪ್ರಮಾಣವೆಂಬುದನ್ನು ಹೇಳದೆ ಲಕ್ಷಣಪತ್ರವನ್ನು ಬರೆದುದ್ದೇ ತಪ್ಪು.

೭

ಅತಿವ್ಯಾಪ್ತಿಯನ್ನು ಪರಿಹರಿಸಲು ಎರಡು ಮಾರ್ಗಗಳು ಕಾಣುತ್ತವೆ. ಮೊದಲನೆಯದು ಪರೀಕ್ಷೆ. ಕೂನ್ ಕ್ಲಾಸನ್ ಮತ್ತು ಜಾನ್ ಹ್ಯೂಸ್ ಎಂಬಿಬ್ಬರು ೨೦೦೦ದಲ್ಲಿ ಹ್ಯಾಸ್ಕೆಲ್ ಭಾಷೆಗಾಗಿ ಕ್ವಿಕ್‌ಚೆಕ್ ಎಂಬ ಸಾಧನವನ್ನು ಪ್ರಕಟಿಸಿದರು. ನಿಯಮವನ್ನು ಬರೆದುಕೊಟ್ಟರೆ ಅದು ತಾನಾಗಿಯೇ ಯಾದೃಚ್ಛಿಕವಾದ ಅನೇಕ ಉದಾಹರಣೆಗಳನ್ನು ಸೃಷ್ಟಿಸಿ, ನಿಯಮವು ಎಲ್ಲಿಯಾದರೂ ಮುರಿಯುವುದೇ ಎಂದು ನೋಡುತ್ತದೆ. ಇಂತಹ ನಿಯಮಗಳನ್ನು ಲಕ್ಷಣಪತ್ರದ ಜೊತೆಗೆ ಒಮ್ಮೆ ಬರೆದಿಟ್ಟರೆ, ಹೊಸದಾಗಿ ಬರುವ ಪ್ರತಿಯೊಂದು ಅನುಷ್ಠಾನವನ್ನೂ ಅವುಗಳಿಂದಲೇ ಒರೆಗೆ ಹಚ್ಚಬಹುದು. ಆದರೆ ಪರೀಕ್ಷೆಯಿಂದ ವ್ಯಭಿಚಾರವು ಕಂಡರೆ ನಿಯಮಭಂಗವು ನಿಶ್ಚಿತ. ಕಾಣದಿದ್ದರೆ ನಿಯಮವು ಸಿದ್ಧವಾಯಿತೆಂದು ಹೇಳಲಾಗದು.

ಎರಡನೆಯದು ಸಾಧನೆ. ಕಾಕ್ ಎಂಬ, ೨೦೨೫ರಿಂದ ರಾಕ್ ಎಂಬ ಹೆಸರನ್ನು ಪಡೆದ, ಪ್ರಮೇಯಸಾಧಕ ವ್ಯವಸ್ಥೆಯಲ್ಲಿ ನಿಯಮಗಳನ್ನೇ ಲಕ್ಷಣಪತ್ರದ ಅಂಗಗಳಾಗಿ ಬರೆಯಬಹುದು. ಆಗ ಅನುಷ್ಠಾನವನ್ನು ತರುವವನು ಫಂಕ್ಷನುಗಳನ್ನು ಕೊಟ್ಟರೆ ಸಾಲದು. ಅವು ನಿಯಮಗಳನ್ನು ಪಾಲಿಸುತ್ತವೆಂಬುದಕ್ಕೆ ಸಾಧನೆಯನ್ನೂ ಕೊಡತಕ್ಕದ್ದು. ಜಾನ್-ಕ್ರಿಸ್ತೋಫ್ ಫಿಲಿಯಾತ್ರ್ ಮತ್ತು ಪಿಯೆರ್ ಲೆತೂಜೆ ಎಂಬ ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದ ಕಾರ್ಯದಲ್ಲಿ, ಮೇಲೆ ಹೇಳಿದ ಓಕ್ಯಾಮಲ್ ಭಾಷೆಯ ಗಣದ ಮಾಡ್ಯೂಲನ್ನೇ ಈ ಒರೆಗೆ ಹಚ್ಚಿದರು. ಮರದ ಎರಡು ಬದಿಗಳ ಎತ್ತರವು ಹೆಚ್ಚಾಗಿ ವ್ಯತ್ಯಾಸವಾಗದಂತೆ ಸಮತೋಲನ ಮಾಡುವ ಕ್ರಮದಲ್ಲಿ ಎರಡು ಸಣ್ಣ ದೋಷಗಳು ಹೊರಬಿದ್ದುವು. ಅವನ್ನು ತಿದ್ದಿ, ತಿದ್ದಿದ ರೂಪವು ನಿರ್ದೋಷವೆಂದು ಸಾಧಿಸಲಾಯಿತು. ಆ ಗ್ರಂಥವು ಅಲ್ಲಿಯವರೆಗೆ ಲಕ್ಷಣಪತ್ರಕ್ಕೆ ಪೂರ್ಣವಾಗಿ ಒಳಪಟ್ಟೇ ಇದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು. ಸಮತೋಲನದ ನಿಯಮವನ್ನು ಶಬ್ದಗಳಲ್ಲಿ ಬರೆದು ಸಾಧಿಸಹೊರಟಾಗಲೇ ದೋಷವು ಕಣ್ಣಿಗೆ ಬಿದ್ದಿತು.

ಇದರಿಂದ ಸಿದ್ಧವಾಗುವುದೇನೆಂದರೆ: ಲಕ್ಷಣಪತ್ರವು ಆಕಾರವನ್ನು ನಿಯಮಿಸುತ್ತದೆ; ಅರ್ಥವನ್ನು ನಿಯಮಿಸುವುದು ಅದನ್ನು ಬರೆಯುವವನ ಹೊಣೆ. ಅನುಷ್ಠಾನಗಳನ್ನು ಬದಲಿಸುವ ಸ್ವಾತಂತ್ರ್ಯವು ಎಷ್ಟು ಹೆಚ್ಚುವುದೋ, ಬರೆಯದೆ ಬಿಟ್ಟ ನಿಯಮಗಳಿಂದಾಗುವ ಹಾನಿಯೂ ಅಷ್ಟೇ ಹೆಚ್ಚುವುದು. ಒಬ್ಬನೇ ಎಲ್ಲವನ್ನೂ ಬರೆಯುತ್ತಿದ್ದಾಗ ನಿಯಮವು ಅವನ ಮನಸ್ಸಿನಲ್ಲಿಯಾದರೂ ಇರುತ್ತಿದ್ದಿತು. ಒಬ್ಬರ ಲಕ್ಷಣಕ್ಕೆ ಇನ್ನೊಬ್ಬರು ಲಕ್ಷ್ಯವನ್ನು ತರುವಾಗ ಬರೆದುದಲ್ಲದೆ ಬೇರೆ ಆಧಾರವಿಲ್ಲ.

ಕನ್ನಡದ ಮಟ್ಟಿಗೆ ಇದರ ಫಲವು ಸ್ಪಷ್ಟವಾಗಿದೆ. ಅಕ್ಷರವೆಂದರೇನು, ಸಂಯುಕ್ತಾಕ್ಷರವನ್ನು ಒಂದೆಂದು ಎಣಿಸಬೇಕೋ ಎರಡೆಂದೋ, ಳಕಾರವು ಎಲ್ಲಿ ನಿಲ್ಲಬೇಕು ಎಂಬಿವು ಕಂಪೈಲರು ತೀರ್ಮಾನಿಸುವ ಪ್ರಶ್ನೆಗಳಲ್ಲ. ವ್ಯಾಕರಣವೂ ಛಂದಸ್ಸೂ ನಿಘಂಟುಶಾಸ್ತ್ರವೂ ತೀರ್ಮಾನಿಸಬೇಕಾದುವು. ಈ ಶಾಸ್ತ್ರಗಳನ್ನು ಬಲ್ಲವರು ನಿಯಮಗಳನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದುಕೊಟ್ಟರೆ, ಅವು ಲಕ್ಷಣಪತ್ರಗಳ ಪಕ್ಕದಲ್ಲಿ ಪರೀಕ್ಷಾಸೂತ್ರಗಳಾಗಿ ನಿಂತು, ಇಂದಿನ ಅನುಷ್ಠಾನವು ಹೋಗಿ ನಾಳೆ ಬೇರೊಂದು ಬಂದಾಗಲೂ ಕಾವಲಿರುವುವು. ಅವರು ಬರೆದುಕೊಡದಿದ್ದರೆ ಯಂತ್ರವು ಐದೆಂದೋ ಹದಿನೈದೆಂದೋ ಎಣಿಸುತ್ತಲೇ ಇರುವುದು. ಅದು ತಪ್ಪೆಂದು ಹೇಳುವುದಕ್ಕೆ ಲಕ್ಷಣಪತ್ರದಲ್ಲಿ ಒಂದು ಪಂಕ್ತಿಯೂ ಇರದು.